ಏಜ್ ಆಫ್ ಎಂಪೈರ್ಸ್ 2: ಹೇಗೂ ಒಡೆದುಹೋಗುವ ಗೋಡೆ ಯಾಕೆ ಕಟ್ಟಬೇಕು?

ಊರು ಕಟ್ಟಿ, ಸೈನ್ಯ ಬೆಳೆಸಿ ಕಾದಾಡುವ ಈ ಕಂಪ್ಯೂಟರ್ ಆಟದ ಬಗ್ಗೆ ನಿಮ್ಮ ಪ್ರಶ್ನೆ ಹೀಗಿದೆ: "ಏಜ್ ಆಫ್ ಎಂಪೈರ್ಸ್ 2ರಲ್ಲಿ ಊರಿನ ಸುತ್ತ ಗೋಡೆ ಕಟ್ಟಿದರೂ ಎದುರಾಳಿ ಒಡೆದು ಒಳಗೆ ಬರುತ್ತಾನೆ. ಹಾಗಾದರೆ ಗೋಡೆಗೆ ಖರ್ಚು ಯಾಕೆ? ಅದರಲ್ಲೇ ನಾಲ್ಕು ಸೈನಿಕರನ್ನು ಮಾಡಿದರೆ ಆಗದೇ?"

ಮೊದಲು ಖರ್ಚಿನ ಮಾತು. ಕಲ್ಲಿನಿಂದ ಸೈನಿಕರನ್ನು ಮಾಡಲಿಕ್ಕೆ ಬರುವುದಿಲ್ಲ. ಸೈನಿಕರಿಗೆ ಬೇಕಾದದ್ದು ಆಹಾರ, ಮರ, ಚಿನ್ನ. ಆಟ ಶುರುವಾಗುವಾಗ ನಿಮ್ಮ ಕೈಯಲ್ಲಿ 200 ಕಲ್ಲು ಇರುತ್ತದೆ. ಕಲ್ಲಿನ ಗೋಡೆಗೆ ಒಂದು ಚೌಕಕ್ಕೆ 5 ಕಲ್ಲು, ಅಂದರೆ ಆ 200ರಲ್ಲಿ 40 ಚೌಕ ಗೋಡೆ ಏಳುತ್ತದೆ. ಕೋಟೆಗೆ 650 ಬೇಕು, ಅದು ಆಮೇಲಿನ ಮಾತು. ಮಾರ್ಕೆಟಿನಲ್ಲಿ ಕಲ್ಲು ಮಾರಿ ಚಿನ್ನ ಮಾಡಿಕೊಳ್ಳಬಹುದು ನಿಜ, ಆದರೆ ಆರಂಭದ ಹೊತ್ತಿನಲ್ಲಿ ಆ ಕಲ್ಲು ಗೋಡೆಗೆ ಹೋದರೆ ಸೈನ್ಯಕ್ಕೆ ಏನೂ ನಷ್ಟವಿಲ್ಲ.

ಇನ್ನು ಒಡೆಯುವ ಮಾತು. ಒಡೆಯದ ಗೋಡೆ ಈ ಆಟದಲ್ಲಿ ಇಲ್ಲವೇ ಇಲ್ಲ. 1999ರ ಮೂಲ ಆಟದ ಲೆಕ್ಕದಲ್ಲಿ ಪಾಲಿಸೇಡ್, ಅಂದರೆ ಮರದ ಗೂಟದ ಬೇಲಿ, ಚೌಕಕ್ಕೆ 2 ಮರ, ಪೆಟ್ಟು ತಾಳುವ ಶಕ್ತಿ, ಅಂದರೆ ಎಚ್‌ಪಿ 250. ಕಲ್ಲಿನ ಗೋಡೆ 1800. ಯೂನಿವರ್ಸಿಟಿ ಎಂಬ ಕಟ್ಟಡದಲ್ಲಿ ಫೋರ್ಟಿಫೈಡ್ ವಾಲ್ ಎಂಬ ಸುಧಾರಣೆ ಕಲಿತರೆ 3000. ಈ ಅಂಕಿಗಳನ್ನು ನಾನು ಯಾವಾಗಲೂ ಸಮಯ ಅಂತಲೇ ಓದುವುದು. ಎದುರಾಳಿಯ ಕೈಯಲ್ಲಿರುವ ಆಯುಧಕ್ಕೆ ಇದನ್ನು ಒಡೆಯಲು ಎಷ್ಟು ಹೊತ್ತು ಬೇಕು, ಅಷ್ಟರಲ್ಲಿ ನನ್ನ ಜನ ಅಲ್ಲಿಗೆ ಮುಟ್ಟುತ್ತಾರಾ? ಈ ಎರಡು ಪ್ರಶ್ನೆಗೆ ಉತ್ತರ ಇದ್ದರೆ ಗೋಡೆ ಕಟ್ಟಿ.

ಇದನ್ನು ನನಗೆ ಕಲಿಸಿದ್ದು ಆಟಕ್ಕಿಂತ ಮೊದಲು ನಮ್ಮ ತೋಟ. ನಮ್ಮದು ಬದಿಯಡ್ಕದ ಕಡೆ, ಅಡಿಕೆ ತೋಟ, ನಡುವೆ ಬಾಳೆ, ಬದಿಯಲ್ಲಿ ಸ್ವಲ್ಪ ಮರಗೆಣಸು. ಗುಡ್ಡದ ಬದಿಯಿಂದ ಹಂದಿ ಇಳಿಯುತ್ತದೆ. ಅಪ್ಪ ಬೇಲಿಗೆ ಎರಡು ಸಾಲು ತಂತಿ ಎಳೆದು ಅದಕ್ಕೆ ಖಾಲಿ ಡಬ್ಬಗಳನ್ನು ಕಟ್ಟಿದ್ದರು, ಒಳಗೆ ಎರಡೆರಡು ಚರಳುಕಲ್ಲು ಹಾಕಿ. ಆ ಬೇಲಿ ಹಂದಿಯನ್ನು ನಿಲ್ಲಿಸುತ್ತದೆ ಅಂತ ಅವರು ಯಾವತ್ತೂ ಹೇಳಿದವರಲ್ಲ. ಹಂದಿ ಮೂತಿ ತೂರಿಸಿದಾಗ ಡಬ್ಬ ಗಡಗಡ ಅನ್ನಬೇಕು, ನಾಯಿ ಬೊಗಳಬೇಕು, ಅಪ್ಪ ಟಾರ್ಚು ಹಿಡಿದು ಅಂಗಳದಿಂದ ತೋಟಕ್ಕೆ ಇಳಿಯುವವರೆಗೆ ತಂತಿ ಹಿಡಿದಿರಬೇಕು. ಅಷ್ಟೇ ಅದರ ಕೆಲಸ. ಅಪ್ಪ ಮದುವೆ ಮನೆಗೆ ಹೋಗಿ ಉಳಿದ ರಾತ್ರಿ ಡಬ್ಬ ಎಷ್ಟು ಬಡಿದರೂ ಮರಗೆಣಸು ಉಳಿಯಲಿಲ್ಲ.

ಆಟದಲ್ಲೂ ಆ ಡಬ್ಬ ಇದೆ. ಗೋಡೆಗೆ ಮೊದಲ ಪೆಟ್ಟು ಬಿದ್ದ ಕೂಡಲೇ ಕಹಳೆ ಊದುತ್ತದೆ, ಮಿನಿಮ್ಯಾಪಿನಲ್ಲಿ ಆ ಜಾಗ ಮಿನುಗುತ್ತದೆ. ಗೋಡೆ ಇಲ್ಲದಿದ್ದರೆ ಅದೇ ಕಹಳೆ ಊದುವುದು ನಿಮ್ಮ ವಿಲೇಜರ್, ಅಂದರೆ ಕೆಲಸಗಾರನ ಮೇಲೆ ಪೆಟ್ಟು ಬಿದ್ದಾಗ. ಕುದುರೆ ಸವಾರರು ಬಂದ ಮೇಲೆ ಮರ ಕಡಿಯುವವರನ್ನು ಓಡಿಸುವುದಕ್ಕೂ, ಬೇಲಿ ಕಡಿಯುತ್ತಿರುವ ಸವಾರರ ಮುಂದೆ ಈಟಿಯವರನ್ನು ತಂದು ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ಪಂದ್ಯ ಆಡಿದರೆ ನೀವೇ ಕಾಣುತ್ತೀರಿ.

ಯಾವ ಯುಗದಲ್ಲಿ ಯಾವ ಗೋಡೆ ಅನ್ನುವುದು ಬಹಳ ಮುಖ್ಯ. ಆಟ ಸಾಗುವುದು ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಎಂಬ ನಾಲ್ಕು ಯುಗಗಳಲ್ಲಿ. ಫ್ಯೂಡಲ್ ಏಜ್‌ನಲ್ಲಿ ಕಲ್ಲಿನ ಗೋಡೆ ಕಟ್ಟಬಹುದು, ಆದರೆ ಅದನ್ನು ಗುದ್ದಿ ಒಡೆಯುವ ದಿಮ್ಮಿಯ ಬಂಡಿ, ಅಂದರೆ ರ‍್ಯಾಮ್ ಬರುವುದು ಕ್ಯಾಸಲ್ ಏಜ್‌ನಲ್ಲಿ. ಈ ನಡುವಿನ ಹೊತ್ತಿನಲ್ಲಿ ಕಲ್ಲಿನ ಗೋಡೆಯ ಬೆಲೆ ಅತಿ ಹೆಚ್ಚು. ಬಾಣಗಳಿಂದ ಅದಕ್ಕೆ ಏನೂ ಆಗುವುದಿಲ್ಲ ಅಂದರೂ ನಡೆಯುತ್ತದೆ. ಕತ್ತಿಯವರು ಬಡಿಯುತ್ತಾ ನಿಂತರೆ ನಿಮಗೆ ಬೇಕಾದಷ್ಟು ಸಮಯ. ರ‍್ಯಾಮ್ ಬಂದ ಮೇಲೆ ಲೆಕ್ಕ ತಲೆಕೆಳಗು. ಒಳಗೆ ಕಾಲಾಳುಗಳನ್ನು ತುಂಬಿದರೆ ಅದು ಇನ್ನೂ ಬೇಗ ಬರುತ್ತದೆ, ಇನ್ನೂ ಜೋರಾಗಿ ಗುದ್ದುತ್ತದೆ. ಗೋಡೆಯ ಹಿಂದೆ ನಿಂತು ಬಾಣ ಬಿಟ್ಟು ಪ್ರಯೋಜನವಿಲ್ಲ, ರ‍್ಯಾಮ್‌ಗೆ ಬಾಣ ತಾಗಿದರೂ ತಾಗದ ಹಾಗೆ. ಕತ್ತಿಯವರು, ಕುದುರೆಯವರು ಹೊರಗೆ ಹೋಗಿ ಬಡಿಯಬೇಕು. ಬೇರೆ ಯಾರೂ ಇಲ್ಲದಿದ್ದರೆ ವಿಲೇಜರ್‌ಗಳಾದರೂ ಆದೀತು. ಇಂಪೀರಿಯಲ್ ಏಜ್‌ನ ಟ್ರೆಬುಶೆ ದೂರದಿಂದಲೇ ಕಲ್ಲು ಎಸೆಯುತ್ತದೆ. ಆಗ ಗೋಡೆ ನಂಬಿ ಒಳಗೆ ಕೂತವನು ಸೋತ ಹಾಗೆಯೇ.

ಈಗ ನನ್ನ ಒಂದು ಸೋಲು ಹೇಳುತ್ತೇನೆ, ನೀವೂ ಇದೇ ತಪ್ಪು ಮಾಡುತ್ತಿರಬಹುದು. ಅರೇಬಿಯಾ ಮ್ಯಾಪು, ಎದುರಾಳಿ ನನ್ನ ಅತ್ತೆಯ ಮಗ. ಪೂರ್ವಕ್ಕೆ ದಟ್ಟ ಕಾಡಿನ ಸಾಲು ಇತ್ತು. ಮರಗಳೇ ಗೋಡೆಯಲ್ಲವೇ ಅಂತ ಬೇಲಿಯನ್ನು ಕಾಡಿನ ಎರಡು ತುದಿಗೆ ಸೇರಿಸಿ ಕಟ್ಟಿದೆ, ನಡುವೆ ಎರಡು ಮನೆ. (ಮನೆಗಳನ್ನು ಗೋಡೆಯ ಸಾಲಿನಲ್ಲಿ ಕಟ್ಟುವುದು ಒಳ್ಳೆಯ ಅಭ್ಯಾಸ, ಹೇಗೂ ಐದೈದು ಜನಕ್ಕೆ ಒಂದು ಮನೆ ಬೇಕೇ ಬೇಕು.) ಎಲ್ಲ ಭದ್ರ ಅಂದುಕೊಂಡು ಕ್ಯಾಸಲ್ ಏಜ್‌ಗೆ ಹೊರಟೆ. ಇದ್ದಕ್ಕಿದ್ದಂತೆ ಅವನ ಆರು ಕುದುರೆ ಸವಾರ ನೈಟ್‌ಗಳು ನನ್ನ ಹೊಲದ ನಡುವೆ! ಬೇಲಿ ಎಲ್ಲೂ ಒಡೆದಿರಲಿಲ್ಲ, ಕಹಳೆಯೂ ಮೊದಲು ಊದಿರಲಿಲ್ಲ. ಆಮೇಲೆ ನೋಡಿದರೆ ನನ್ನದೇ ಮರ ಕಡಿಯುವವರು ಸಾಲಿನ ಒಂದು ಕಡೆ ಕಡಿಯುತ್ತಾ ಕಡಿಯುತ್ತಾ ಆಚೆ ಬದಿಗೆ ಮುಟ್ಟಿದ್ದರು. ಒಂದೇ ಒಂದು ಚೌಕದ ಕಂಡಿ. ಅವನು ಪಕ್ಕದ ಕುರ್ಚಿಯಿಂದಲೇ ಹೇಳಿದ, "ನಿನ್ನ ಜೆನಂಗಳೇ ಬಾಗಿಲು ತೆಗದು ಕೊಟ್ಟವನ್ನೆ ಭಾವ!"

ಅಂದಿನಿಂದ ಕಾಡನ್ನು ನಾನು ಗೋಡೆ ಅಂತ ಲೆಕ್ಕ ಹಾಕುವುದು ಮೊದಲ ಹತ್ತು ಹದಿನೈದು ನಿಮಿಷಕ್ಕೆ ಮಾತ್ರ. ಆಮೇಲೆ ಕಡಿಯುವವರ ಹಿಂದೆ ಇನ್ನೊಂದು ಸಾಲು ಬೇಲಿ ಬೇಕು. ಬ್ಲ್ಯಾಕ್ ಫಾರೆಸ್ಟ್‌ನಂಥ ಮ್ಯಾಪಿನಲ್ಲಿ ಕಾಡೇ ದೊಡ್ಡ ಕೋಟೆ, ಇರುಕು ದಾರಿಗೆ ನಾಲ್ಕು ಚೌಕ ಕಲ್ಲು ಇಟ್ಟರೆ ಮುಗಿಯಿತು. ಆದರೆ ಅಲ್ಲೂ ಓನೇಜರ್ ಎಂಬ ಕಲ್ಲೆಸೆಯುವ ಯಂತ್ರ ಬಂದರೆ ಕಾಡನ್ನೇ ಸೀಳಿ ಹೊಸ ದಾರಿ ಮಾಡುತ್ತದೆ.

ಎರಡನೇ ಸಾಲಿನ ಬಗ್ಗೆ ಇನ್ನೂ ಒಂದು ಮಾತು. ಬೇಕಲ ಕೋಟೆಗೆ ಶಾಲೆಯಿಂದ ಕರೆದುಕೊಂಡು ಹೋದಾಗ ನಾನು ನೋಡಿದ್ದು ಸಮುದ್ರ ಮಾತ್ರ. ಈ ಆಟದ ಹುಚ್ಚು ಹಿಡಿದ ಮೇಲೆ ಮತ್ತೆ ಹೋದೆ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ ಅದು, ನಮ್ಮ ಮನೆಯ ಪಾಗಾರಕ್ಕೆ ಹಾಕಿದ ಅದೇ ಮುರಕಲ್ಲು. ಬಾಗಿಲಿಗೆ ನೇರ ದಾರಿ ಇಲ್ಲ, ಸುತ್ತಿ ತಿರುಗಿಯೇ ಒಳಗೆ ಹೋಗಬೇಕು. ಹೊರಗೆ ಕಂದಕ. ಗೋಡೆಯ ಕಂಡಿಗಳಲ್ಲಿ ಮೇಲಿನವು ದೂರಕ್ಕೆ ಗುರಿಯಿಡಲು, ಕೆಳಗಿನವು ಹತ್ತಿರ ಬಂದವರಿಗೆ. ಆ ತಿರುವಿನಲ್ಲಿ ನಿಂತು ಮೇಲೆ ನೋಡಿದಾಗ ನನಗೆ ಗೊತ್ತಾಯಿತು, ನುಗ್ಗಿ ಬಂದವನು ಇಲ್ಲಿ ನಿಧಾನ ಮಾಡಲೇಬೇಕು, ನಿಧಾನ ಮಾಡಿದಾಗ ಮೂರು ಕಡೆಯಿಂದಲೂ ಗೋಡೆಯೇ. ಆಟದಲ್ಲಿ ಹಾಗೆ ಮಾಡಲಿಕ್ಕೆ ಕಷ್ಟವಿಲ್ಲ. ಹೊರಗಿನ ಬಾಗಿಲಿನಿಂದ ಐದಾರು ಚೌಕ ಒಳಗೆ, ಸ್ವಲ್ಪ ಬದಿಗೆ ಸರಿಸಿ ಇನ್ನೊಂದು ಬಾಗಿಲು ಇಡಿ. ನಿಮ್ಮವರು ಹಾದು ಹೋಗುವಾಗ ಬಾಗಿಲು ತಾನಾಗಿ ತೆರೆಯುತ್ತದೆ, ಆ ಗಳಿಗೆಯಲ್ಲಿ ಎದುರಾಳಿಯ ಕುದುರೆ ನುಸುಳಿದರೂ ಎರಡು ಬಾಗಿಲ ನಡುವೆ ಸಿಕ್ಕಿಬೀಳುತ್ತದೆ. ಜಗಳದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಲಿಕ್ಕೂ ಮರೆಯಬೇಡಿ.

ಬಾಗಿಲು ಅಂದಾಗ ನೆನಪಾಯಿತು, 1997ರ ಮೊದಲ ಆಟದಲ್ಲಿ ಗೋಡೆ ಇತ್ತು, ಬಾಗಿಲೇ ಇರಲಿಲ್ಲ! ಎರಡನೆಯದರಲ್ಲೂ ಆಡಲು ಆರಿಸಿಕೊಳ್ಳುವ ಜನಾಂಗಗಳಲ್ಲಿ ಒಂದಾದ ಗಾತ್‌ಗಳಿಗೆ ಕಲ್ಲಿನ ಗೋಡೆ ಕಟ್ಟಲು ಬರುವುದಿಲ್ಲ, ನೀವು ಗಾತ್ ಆಡುವವರಾದರೆ ಮೇಲೆ ಹೇಳಿದ್ದರಲ್ಲಿ ಮರದ ಬೇಲಿಯಷ್ಟೇ ನಿಮ್ಮ ಪಾಲಿಗೆ. 2021ರ ನಾಲ್ಕನೆಯ ಆಟದಲ್ಲಿ ಕಲ್ಲಿನ ಗೋಡೆಯ ಮೇಲೆ ಸೈನಿಕರನ್ನೇ ನಿಲ್ಲಿಸಬಹುದು, ರ‍್ಯಾಮ್‌ನಂಥ ಮುತ್ತಿಗೆ ಯಂತ್ರ ಇಲ್ಲದೆ ಅದಕ್ಕೆ ಗೀರು ಕೂಡ ಬೀಳುವುದಿಲ್ಲ. ಗೋಡೆ ಇಷ್ಟಪಡುವವರಿಗೆ ನನ್ನ ಪ್ರಕಾರ ಅದೇ ಒಳ್ಳೆಯದು, ಆದರೂ ನಾನು ಎರಡನೆಯದನ್ನು ಬಿಟ್ಟಿಲ್ಲ.

ನೀವು ಸೋತ ಪಂದ್ಯದ ರೆಕಾರ್ಡಿಂಗ್ ಇದ್ದರೆ ಒಂದು ಕೆಲಸ ಮಾಡಿ. ಗೋಡೆಗೆ ಮೊದಲ ಪೆಟ್ಟು ಬಿದ್ದ ಗಳಿಗೆಯಲ್ಲಿ ಆಟ ನಿಲ್ಲಿಸಿ, ನಿಮ್ಮ ಸೈನ್ಯ ಎಲ್ಲಿದೆ ಅಂತ ನೋಡಿ. ಅಲ್ಲಿಂದ ಆ ಜಾಗಕ್ಕೆ ನಡೆದು ಬರಲು ಎಷ್ಟು ಸೆಕೆಂಡು ಬೇಕಾಯಿತು, ಗೋಡೆ ಎಷ್ಟು ಸೆಕೆಂಡು ನಿಂತಿತ್ತು, ಎರಡನ್ನೂ ಎಣಿಸಿ ಇಲ್ಲಿ ಬರೆಯಿರಿ. ಎರಡನೇ ಸಾಲು ಎಲ್ಲಿ ಹಾಕಬೇಕಿತ್ತು ಅಂತ ನೋಡಿ ಹೇಳುತ್ತೇನೆ.