ಧಾರವಾಡಕ್ಕೂ ಗದಗಕ್ಕೂ ಒಂದೇ ಮಳೆ ಯಾಕೆ?

ಹವಾಮಾನ ಮಾದರಿಯಲ್ಲಿ (ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಧಾರವಾಡಕ್ಕೂ ಗದಗಕ್ಕೂ ಒಂದೇ ಮಳೆ ಅಂಕಿ ಯಾಕೆ ಬರುತ್ತದೆ ಅಂತ ಕೇಳಿದ್ದೀರಿ. ನೀವು ಡೌನ್‌ಲೋಡ್ ಮಾಡಿದ್ದು ತಪ್ಪಿಲ್ಲ. ಜಾಗತಿಕ ಮಾದರಿ ಭೂಮಿಯನ್ನು ಚೌಕಗಳಾಗಿ ಹೋಳು ಮಾಡುತ್ತದೆ. ಸಾಮಾನ್ಯವಾಗಿ ಒಂದೊಂದು ಚೌಕ 100 ಕಿ.ಮೀ. ಆಸುಪಾಸು. ಒಂದು ಚೌಕಕ್ಕೆ ಒಂದೇ ಮಳೆ ಅಂಕಿ, ಎರಡೂ ಊರು ಒಂದರಲ್ಲೇ ಕೂತುಬಿಡುತ್ತವೆ.

ಜುಲೈನಲ್ಲಿ ಧಾರವಾಡದಲ್ಲಿ ಕೊಡೆ ಹಿಡಿದು ಬಸ್ ಹತ್ತಿದವನು ಅಣ್ಣಿಗೇರಿ ದಾಟುವಷ್ಟರಲ್ಲಿ ಎರೆ ಹೊಲದಲ್ಲಿ ಧೂಳು ಏಳುವುದನ್ನು ನೋಡಿದ್ದೇನೆ. ಸಹ್ಯಾದ್ರಿಯಲ್ಲೇ ಜಾಸ್ತಿ ಸುರಿದ ಮೋಡ ಪೂರ್ವಕ್ಕೆ ಬರುವಾಗ ಹಗುರಾಗಿರುತ್ತದೆ, ಅಲ್ವಾ? ಮಾದರಿಯಲ್ಲಿ ಘಟ್ಟದ ಎತ್ತರ ಸರಾಸರಿಗೆ ಸಿಕ್ಕಿ ಚಪ್ಪಟೆಯಾಗುತ್ತದೆ. ಅದಕ್ಕೇ ಈ ಎಡವಟ್ಟು.

ಪ್ರಾದೇಶಿಕ ಹವಾಮಾನ ಮಾದರಿಗಳ ಅಂತಾರಾಷ್ಟ್ರೀಯ ಯೋಜನೆ ಕಾರ್ಡೆಕ್ಸ್ (CORDEX) ಇದೆ, ಅದರ ದಕ್ಷಿಣ ಏಷ್ಯಾದ ಡೇಟಾ ತೆಗೆದುಕೊಳ್ಳಿ. ಅಲ್ಲಿ ಚೌಕ 50 ಕಿ.ಮೀ., ಕೆಲವದರಲ್ಲಿ ಸುಮಾರು 25. ಅದನ್ನೂ ಸುಮ್ನೆ ನಂಬಬೇಡಿ, ಮಳೆಮಾಪಕದ ಹಳೆಯ ದಾಖಲೆ ಜೊತೆ ಹೋಲಿಸಿ ನೋಡಿ.