‘ಅದುಮಿಟ್ಟ ನೆನಪು’ ತೆಗೆಸಲು ಹೋಗಬೇಡಿ

ಪ್ರಶ್ನೆ: ತಂಗಿಗೆ 26 ವರ್ಷ. ರಾತ್ರಿ ಎದೆ ಡವಡವ ಹೊಡೆದುಕೊಂಡು ಎದ್ದು ಕೂರುತ್ತಾಳೆ. ಇಲ್ಲಿನ ಸಮ್ಮೋಹನ ಚಿಕಿತ್ಸಕರೊಬ್ಬರು, ‘ಚಿಕ್ಕಂದಿನಲ್ಲಿ ಏನೋ ಆಗಿದೆ, ಮನಸ್ಸು ಅದುಮಿಟ್ಟಿದೆ, ಆರು ಸಲ ಕೂರಿಸಿದರೆ ಹೊರಗೆ ತೆಗೆಯುತ್ತೇನೆ’ ಅನ್ನುತ್ತಾರೆ. ಕಳಿಸಲೇ?
– ಓದುಗರು, ಸಿಂಧನೂರು

ಉತ್ತರ: ಬೇಡ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಎದೆಬಡಿತ ನೋಡಿ ಬಾಲ್ಯದ ದೌರ್ಜನ್ಯ ಪತ್ತೆ ಹಚ್ಚುವ ವಿದ್ಯೆ ಯಾರ ಹತ್ತಿರವೂ ಇಲ್ಲ.

ಅಲ್ಲಿ ನಡೆಯುವುದು ಹೀಗೆ: ಮೊದಲ ದಿನ ಕಣ್ಣು ಮುಚ್ಚಿಸಿ, ‘ಕತ್ತಲ ಕೋಣೆ ಕಾಣುತ್ತಿದೆಯಾ?’ ಎರಡನೇ ದಿನ, ‘ಬಾಗಿಲಲ್ಲಿ ಯಾರು ನಿಂತಿದ್ದಾರೆ?’ ಮೂರನೇ ದಿನಕ್ಕೆ ಆ ನೆರಳಿಗೆ ಸೋದರಮಾವನ ಮುಖ ಬಂದಿರುತ್ತದೆ. ಪದೇ ಪದೇ ಕಲ್ಪಿಸಿಕೊಂಡದ್ದು ಸಲೀಸಾಗಿ ಕಣ್ಣಿಗೆ ಕಟ್ಟುತ್ತದೆ; ಅದು ಎಲ್ಲಿಂದ ಬಂತೆಂಬುದು ಮರೆತು, ನಡೆದದ್ದೇ ಅನ್ನಿಸತೊಡಗುತ್ತದೆ. ಸಮ್ಮೋಹನದಿಂದ ಹೆಚ್ಚುವುದು ನೆನಪಿನ ನಿಖರತೆಯಲ್ಲ, ಅದರ ಮೇಲಿನ ನಂಬಿಕೆ. 1995ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಜೊತೆಗಾರ್ತಿ ಪಿಕ್ರೆಲ್ ಒಂದು ಪ್ರಯೋಗದಲ್ಲಿ 24 ಜನರಿಗೆ, ‘ನೀವು ಚಿಕ್ಕವರಿದ್ದಾಗ ಮಾಲ್‌ನಲ್ಲಿ ತಪ್ಪಿಸಿಕೊಂಡಿದ್ದಿರಿ’ ಎಂಬ ಕಟ್ಟುಕತೆಯನ್ನು ಮನೆಯವರು ಹೇಳಿದ್ದೆಂದು ಕೊಟ್ಟರು. 6 ಜನ ಪೂರ್ತಿಯಾಗಿಯೋ ಅರ್ಧಂಬರ್ಧವೋ ‘ನೆನಪಿಸಿಕೊಂಡರು’. ಇಂಥ ನೆನಪಿನ ಮೇಲೆ ಒಂದು ಮನೆತನವೇ ಒಡೆದುಹೋಗಬಹುದು.

ಹಾಗಂತ ದೌರ್ಜನ್ಯದ ಮಾತೆಲ್ಲ ಸುಳ್ಳು ಅನ್ನಬೇಡಿ. ನೊಂದವರಲ್ಲಿ ಹೆಚ್ಚಿನವರಿಗೆ ಅದು ಬೇಡವೆಂದರೂ ನೆನಪಿರುತ್ತದೆ. ಕೆಲವರಿಗೆ ವರ್ಷಗಟ್ಟಲೆ ನೆನಪಿಗೇ ಬಾರದೆ, ಯಾವುದೋ ವಾಸನೆಗೋ ದನಿಗೋ ಸಟ್ಟನೆ ಮರಳುವುದೂ ಉಂಟು. ತಂಗಿ ತಾನಾಗಿ ಏನಾದರೂ ಹೇಳಿದರೆ ಅವಳದೇ ಮಾತಿನಲ್ಲಿ ಬರೆದು ತಾರೀಖು ಹಾಕಿಡಿ. ‘ಆಮೇಲೆ?’ ಎಂದಷ್ಟೇ ಕೇಳಿ. ‘ಮಾವ ಮುಟ್ಟಿದ್ನಾ?’ ಎಂದಿರೋ, ಉತ್ತರ ನೀವೇ ಬಾಯಿಗೆ ಹಾಕಿದಂತಾಯಿತು.

ಈಗ ಥೈರಾಯ್ಡ್, ಹಿಮೋಗ್ಲೋಬಿನ್, ಇಸಿಜಿ ಮಾಡಿಸಿ. ಮೂರೂ ಸರಿಯಿದ್ದರೆ ಪ್ಯಾನಿಕ್ ತೊಂದರೆ, ಅಂದರೆ ಸಟ್ಟನೆ ಭಯ ಏರಿ ಎದೆ ಹೊಡೆದುಕೊಳ್ಳುವ ಕಾಯಿಲೆ, ಇರಬಹುದು. ಅದಕ್ಕೆ ಮಾತಿನ ಚಿಕಿತ್ಸೆಯಿದೆ, ಮಾತ್ರೆಯಿದೆ, ಬಾಲ್ಯ ಕೆದಕಬೇಕಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶ ಮಾದರಿಯಾಗಿ ತೆಗೆದುಕೊಂಡದ್ದು ನಮ್ಮ ಬಳ್ಳಾರಿಯನ್ನು. ಇಂಥ ಸೀಮೆಯವರು ಗೋಡೆಯ ಮೇಲಿನ ಬೋರ್ಡು ನಂಬಿ ದುಡ್ಡು ಸುರಿಯುವುದೇಕೆ?

ಪ್ರಶ್ನೆ: ಮಂಪರು ಪರೀಕ್ಷೆಯಲ್ಲಿ ಮರೆತ ಸತ್ಯ ಹೊರಬರುತ್ತದೆಯೇ? – ಕುಷ್ಟಗಿ

ಉತ್ತರ: ಔಷಧಿ ಕೊಟ್ಟು ಬರಿಸಿದ ಮಂಪರಿನಲ್ಲಿ ಸತ್ಯವೂ ಕಲ್ಪನೆಯೂ ಒಟ್ಟಿಗೇ ಬರುತ್ತವೆ. ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲವೆಂದು 2010ರ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಪ್ರಶ್ನೆ: ಬಿಟ್ಟುಹೋದವನನ್ನು ಮರೆಯಲು ಮಾತ್ರೆ ಇದೆಯೇ? – ಗಂಗಾವತಿ

ಉತ್ತರ: ಇಲ್ಲ. ಫೋಟೊ, ಚಾಟ್ ಅಳಿಸಿ. ಎರಡು ವಾರದಿಂದ ಊಟ, ನಿದ್ದೆ ಕೆಟ್ಟಿದ್ದರೆ ಮೇಲಿನದೇ ನಂಬರ್.