ಕೋಲಾರದಿಂದ ಬಂದ ತಂಗಿಗೆ: ಇಲ್ಲಿ ನಿನ್ನನ್ನು ಬಲ್ಲವರು ಯಾರು?

ತಂಗಿ, ನಿನ್ನ ಪತ್ರ ಓದಿದೆ. ಬಂಗಾರಪೇಟೆಯಿಂದ ಇಂಗ್ಲೆಂಡಿಗೆ ಬಂದು ನರ್ಸ್ ಕೆಲಸಕ್ಕೆ ಆಸ್ಪತ್ರೆ ಸೇರಿದ್ದೀಯ, ಇಲ್ಲಿಯ ನರ್ಸ್ ನೋಂದಣಿಗೆ ಬೇಕಾದ ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆಗೆ ಓದುತ್ತಿದ್ದೀಯ. ಬಾಡಿಗೆ, ಚಳಿ, ಬಸ್ ಪಾಸು ಎಲ್ಲವನ್ನೂ ವಿಚಾರಿಸಿ ಕೊನೆಗೆ ಹೀಗೆ ಬರೆದಿದ್ದೀಯ: "ಇಲ್ಲಿ ನಾನು ಯಾರಿಗೂ ಗೊತ್ತಿಲ್ಲ ಅಕ್ಕ. ಯೇಸುಸ್ವಾಮಿ ವಿಷಯ ಬಾಯಿ ಬಿಡೋಕೆ ಭಯ. ನನ್ನ ವಿಶ್ವಾಸ ಕಮ್ಮಿ ಆಗ್ತಿದೆಯಾ?" ಬಾಡಿಗೆ, ಬಸ್ಸಿನ ವಿಷಯ ಬೇರೆಯವರು ಚೆನ್ನಾಗಿ ಹೇಳುತ್ತಾರೆ. ನಾನು ಈ ಕೊನೆಯ ಮಾತಿಗೆ ಮಾತ್ರ ಉತ್ತರ ಬರೆಯುತ್ತೇನೆ.

ಕಮ್ಮಿ ಆಗಿಲ್ಲ. ಊರಿನ ಆಸರೆ ತಪ್ಪಿದೆ, ಅಷ್ಟೆ. ಕೋಲಾರದಲ್ಲಿ ನೀನು ಇಂಥವರ ಮೊಮ್ಮಗಳು, ಇಂಥವರ ಮಗಳು. ಮೆಥೋಡಿಸ್ಟ್ ಮಿಷನ್ನಿನ ಇ.ಟಿ.ಸಿ.ಎಂ. ಆಸ್ಪತ್ರೆಯ ಹೆಸರು ಹೇಳಿದರೆ, ನಮ್ಮ ಮನೆ ಮಗು ಅಲ್ಲೇ ಹುಟ್ಟಿದ್ದು ಅನ್ನುವವರು ಬೀದಿಬೀದಿಗೂ ಸಿಗುತ್ತಾರೆ. ಒಂದು ಭಾನುವಾರ ಆರಾಧನೆಗೆ ಹೋಗದಿದ್ದರೆ ಸಂಜೆಯೊಳಗೆ ಯಾರಾದರೂ ಬಂದು "ಹುಷಾರಿಲ್ವೇನಮ್ಮ?" ಅನ್ನುತ್ತಾರೆ. ಕ್ರಿಸ್‌ಮಸ್ಸಿಗೆ ಪಕ್ಕದ ಮನೆಗಳಿಗೆ ಕಲ್‌ಕಲ್, ರೋಸ್ ಕುಕ್ಕೀಸ್ ತಟ್ಟೆ ಹೋಗುತ್ತದೆ, ಯುಗಾದಿಗೆ ಒಬ್ಬಟ್ಟು, ರಂಜಾನಿಗೆ ಸುರಕುಂಬಾ ಬರುತ್ತದೆ. ನೀನು ಯಾರನ್ನು ನಂಬುತ್ತೀಯ ಅಂತ ನೀನು ಹೇಳಬೇಕಾಗಿಯೇ ಇರಲಿಲ್ಲ, ಊರೇ ಹೇಳುತ್ತಿತ್ತು. ಕೆ.ಜಿ.ಎಫ್. ಕಡೆಯವರನ್ನು ಕೇಳಿ ನೋಡು. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಕೆಲಸವೊಂದೇ ಹೋಗಲಿಲ್ಲ, ಹೆಸರು ಹಿಡಿದು ಕರೆಯುತ್ತಿದ್ದ, ಗಣಿ ಕಾರ್ಮಿಕರ ಲೈನ್ ಮನೆಗಳ ಬದುಕೂ ಚದುರಿತು.

ಇಲ್ಲಿ ಆ ಆಸರೆ ಯಾವುದೂ ಇಲ್ಲ. ಮೇಲಾಗಿ ನಾವು ಊರಲ್ಲಿದ್ದಾಗ ಇದನ್ನು ಕ್ರೈಸ್ತ ದೇಶ ಅಂದುಕೊಂಡಿರುತ್ತೇವೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರು ಅಂದವರು ಶೇ. 46.2, ಯಾವ ಧರ್ಮವೂ ಇಲ್ಲ ಅಂದವರು ಶೇ. 37.2. ಹತ್ತು ವರ್ಷದ ಹಿಂದೆ ಕ್ರೈಸ್ತರು ಶೇ. 59.3 ಇದ್ದರು. ಚರ್ಚಿನ ಕಟ್ಟಡ ಜನ ವಾಸಿಸುವ ಫ್ಲ್ಯಾಟುಗಳಾಗಿರುವುದನ್ನು ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಅಳು ಬಂತು. ನಮ್ಮ ಭಾಷೆಗೆ ಇಡೀ ಸತ್ಯವೇದ ಮೊದಲು ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ. ಅಂಥವರನ್ನು ಕಳಿಸಿದ ದೇಶ ಇದು. ಆದರೆ ಇಲ್ಲಿಯ ಜನಕ್ಕೆ ದೇವರ ಮೇಲೆ ದ್ವೇಷ ಇದೆ ಅಂದುಕೊಳ್ಳಬೇಡ. ನಮ್ಮಲ್ಲಿ ಹೊಸಬರ ಸಂಬಳ ಕೇಳಲು ಮುಜುಗರಪಡುವ ಹಾಗೆ ಇವರಿಗೆ ದೇವರ ವಿಷಯ ಎತ್ತಲು ಮುಜುಗರ. ನಿನ್ನೆದುರಿನ ಮೌನದಲ್ಲಿ ಬಹುಪಾಲು ಸಂಕೋಚವೇ ಇದೆ.

ಈಗ ನಿನ್ನ ಭಯದ ವಿಷಯ. 139ನೇ ಕೀರ್ತನೆ ನಮಗೆಲ್ಲ ಸಂಡೇ ಸ್ಕೂಲಿನಿಂದ ಬಾಯಿಪಾಠ. ನಾನು ಕೂರುವುದೂ ಏಳುವುದೂ ನಿನಗೆ ಗೊತ್ತು ಅನ್ನುವವನು ಸ್ವಲ್ಪ ಮುಂದೆ, ನಿನ್ನಿಂದ ತಪ್ಪಿಸಿಕೊಂಡು ಎಲ್ಲಿ ಹೋಗಲಿ ಅಂತಲೂ ಕೇಳುತ್ತಾನೆ, ಗಮನಿಸು. ಪೂರ್ತಿ ಬಲ್ಲವನೊಬ್ಬ ಇದ್ದಾನೆ ಅನ್ನುವುದು ಮೊದಲು ಹೆದರಿಸುತ್ತದೆ. ಸಮುದ್ರದ ಕಟ್ಟಕಡೆಗೆ ಹೋಗಿ ವಾಸ ಮಾಡಿದರೂ ಅಲ್ಲಿಯೂ ನಿನ್ನ ಕೈ ನನ್ನನ್ನು ನಡೆಸುತ್ತದೆ ಅನ್ನುವ ಮಾತು ಆಮೇಲೆ ಬರುತ್ತದೆ. ಕಡಲು ದಾಟಿ ಬಂದ ನಮಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಸಿಕ್ಕಲಾರದು.

ಆದರೆ ನನಗೆ ಬಾಯಿ ಬಿಡುವ ಧೈರ್ಯ ಕೊಟ್ಟದ್ದು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಸಮಾರ್ಯದ ಹೆಂಗಸು. ನಡುಮಧ್ಯಾಹ್ನ ಒಬ್ಬಳೇ ನೀರಿಗೆ ಬಂದವಳು. ಐವರು ಗಂಡಂದಿರ ವಿಷಯ, ಈಗ ಜೊತೆಗಿರುವವನು ಗಂಡನಲ್ಲ ಅನ್ನುವ ವಿಷಯ, ಎರಡನ್ನೂ ಯೇಸು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾನೆ. ಬೇರೆ ಯಾರಾದರೂ ಹೇಳಿದ್ದರೆ ಸೆರಗು ಮುಚ್ಚಿಕೊಂಡು ಹೋಗಿಬಿಡುತ್ತಿದ್ದಳೇನೋ. ಇವಳು ಕೊಡ ಅಲ್ಲೇ ಬಿಟ್ಟು ಊರೊಳಕ್ಕೆ ಓಡುತ್ತಾಳೆ. ನಾನು ಮಾಡಿದ್ದನ್ನೆಲ್ಲ ಹೇಳಿದವನನ್ನು ಬಂದು ನೋಡಿ, ಇವನೇ ಕ್ರಿಸ್ತನಿರಬಹುದೇ ಅನ್ನುತ್ತಾಳೆ. ಎಲ್ಲ ಬಲ್ಲವನು ಅವಳನ್ನು ದೂಡಲಿಲ್ಲ, ಕುಡಿಯಲು ನೀರು ಕೇಳಿದ. ಬಚ್ಚಿಡಲು ಏನೂ ಉಳಿಯದವಳಿಗೆ ಊರಿನ ಮಾತಿನ ಭಯ ಎಲ್ಲಿಂದ ಬರಬೇಕು? ಧೈರ್ಯಕ್ಕಾಗಿ ಪ್ರಾರ್ಥಿಸು, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ದಿನಕ್ಕಿಷ್ಟು ಹೊತ್ತು, ನನ್ನನ್ನು ಪೂರ್ತಿ ಬಲ್ಲವನ ಮುಂದೆ ಕೂತಿದ್ದೇನೆ ಅಂತ ಸುಮ್ಮನೆ ಕೂರು. ಇಲ್ಲಿ ನೀನು ಯಾರಿಗೂ ಗೊತ್ತಿಲ್ಲ ಅನ್ನುವುದು ಅಲ್ಲಿ ಸುಳ್ಳಾಗುತ್ತದೆ.

ಕೆಲಸದ ಕಡೆ ಎಚ್ಚರ ಬೇಕು. ನರ್ಸುಗಳ ನೋಂದಣಿ ನೋಡುವ ಎನ್.ಎಂ.ಸಿ. ಸಂಸ್ಥೆಯ ಕೋಡ್, ಅಂದರೆ ನಡವಳಿಕೆಯ ನಿಯಮಗಳನ್ನು ಓಸ್ಕಿಗೆ ಹೇಗೂ ಓದುತ್ತೀಯಲ್ಲ, ವೈಯಕ್ತಿಕ ನಂಬಿಕೆಯನ್ನು ಜನರೆದುರು ಅನುಚಿತವಾಗಿ ವ್ಯಕ್ತಪಡಿಸಬಾರದು ಅಂತ ಅದರಲ್ಲಿದೆ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಹಾಸಿಗೆ ಹಿಡಿದ ರೋಗಿ ಎದ್ದು ಹೋಗಲಾರ, ಅಂಥವನಿಗೆ ಸುವಾರ್ತೆ ಹೇಳಹೊರಟರೆ ಅದು ಪ್ರೀತಿಯಲ್ಲ. ಅವರಾಗಿ ಪ್ರಾರ್ಥನೆ ಬೇಕು ಅಂದರೆ ಆಸ್ಪತ್ರೆಯ ಚಾಪ್ಲೇನ್‌ಗೆ, ಅಂದರೆ ರೋಗಿಗಳ ಪ್ರಾರ್ಥನೆ, ಸಾಂತ್ವನ ನೋಡಿಕೊಳ್ಳುವವರಿಗೆ, ಹೇಳಿ ಕಳಿಸು. ಹಾಗೆಯೇ 2010ರ ಈಕ್ವಾಲಿಟಿ ಆಕ್ಟ್ ಅನ್ನುವ ಸಮಾನತೆಯ ಕಾಯ್ದೆ ನಿನ್ನ ವಿಶ್ವಾಸಕ್ಕೂ ರಕ್ಷಣೆ ಕೊಡುತ್ತದೆ, ದೇವರಿಲ್ಲ ಅನ್ನುವವರಿಗೂ ಕೊಡುತ್ತದೆ. ಚರ್ಚಿಗೆ ಹೋಗುತ್ತೇನೆ ಅಂದಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯುವಂತಿಲ್ಲ.

ಸಹೋದ್ಯೋಗಿಗಳ ಜೊತೆ ದಾರಿ ಬೇರೆ. ನಮ್ಮ ವಾರ್ಡಿನಲ್ಲಿ ಒಬ್ಬ ಕೇರ್ ಅಸಿಸ್ಟೆಂಟ್ ಇದ್ದಳು, ದೇವರು ಗೀವರು ಇಲ್ಲ ಅಂತ ಖಂಡಿತವಾಗಿ ಹೇಳುವವಳು. ಅವಳ ತಂದೆಗೆ ಕಾಯಿಲೆ ಜೋರಾದಾಗ ನಾನು "ನಿಮ್ಮಪ್ಪನಿಗಾಗಿ ಪ್ರಾರ್ಥನೆ ಮಾಡಿದರೆ ಬೇಜಾರಿಲ್ಲ ತಾನೆ?" ಅಂದೆ. ಭುಜ ಕುಣಿಸಿ ಹೋದಳು. ಎಷ್ಟೋ ವಾರ ಕಳೆದು ಒಂದು ನೈಟ್ ಶಿಫ್ಟಿನಲ್ಲಿ, ಅಡುಗೆಕೋಣೆಯಲ್ಲಿ ಟೋಸ್ಟಿಗೆ ಬೆಣ್ಣೆ ಸವರುತ್ತಾ ನನ್ನ ಮುಖ ನೋಡದೆ ಕೇಳಿದಳು: "ನಿಜವಾಗ್ಲೂ ಮಾಡ್ತಿದ್ದೀಯಾ?" ದಿನಾ, ಅವರ ಹೆಸರು ಹೇಳಿ ಮಾಡ್ತೀನಿ ಅಂದೆ. "ಅವರ ಹೆಸರು ನಿನಗೆ ನೆನಪಿದೆಯಾ?" ಅಂದವಳು ಚಾಕು ಕೆಳಗಿಟ್ಟಳು. ನನ್ನ ದೇವರಿಗೆ ಅವರು ಗೊತ್ತು ಅಂತ ನಾನು ನಂಬುತ್ತೇನೆ, ನೀನೂ ಗೊತ್ತು ಅಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಕಾಲ್ ಬೆಲ್ ಹೊಡೆಯಿತು. ಅವಳು ಚರ್ಚಿಗೆ ಬಂದಳಾ ಅಂದರೆ, ಇಲ್ಲ. ತಂದೆ ತೀರಿಕೊಂಡ ದಿನ ಮಾತ್ರ ನನಗೆ ಫೋನ್ ಮಾಡಿದಳು. ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಅದು ಸೌಮ್ಯತೆಯಿಂದಿರಲಿ ಅಂತಿದೆ. ಸೌಮ್ಯತೆಯನ್ನು ನಾವು ಬೇಗ ಮರೆತುಬಿಡುತ್ತೇವೆ.

ಸೋಮವಾರ ಯಾರಾದರೂ "ವೀಕೆಂಡ್ ಹೇಗಿತ್ತು?" ಅಂದೇ ಅನ್ನುತ್ತಾರೆ. "ಸುಮ್ಮನೆ ಮನೇಲಿದ್ದೆ" ಅನ್ನಬೇಡ. ಚರ್ಚಿಗೆ ಹೋಗಿದ್ದೆ, ಈ ಹಾಡು ಹಾಡಿದೆವು, ಊಟ ಮಾಡಿದೆವು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳು. ಶುರುವಿಗೆ ಅಷ್ಟು ಸಾಕು.

ಚರ್ಚು ಹುಡುಕುವಾಗ ನಮ್ಮವರೇ ಇರುವ ಕಡೆ ಮಾತ್ರ ಹೋಗಬೇಡ. ಕನ್ನಡ ಪ್ರಾರ್ಥನೆ ಕೂಟಕ್ಕೂ ಹೋಗು, ಮನಸ್ಸು ಬಿಚ್ಚುವುದಕ್ಕೆ ನಮ್ಮ ಭಾಷೆ ಬೇಕೇ ಬೇಕು. ಆದರೆ ಮನೆ ಹತ್ತಿರದ ಚರ್ಚಿನಲ್ಲಿ ನಾಲ್ಕು ಜನ ಮುದುಕರೇ ಇದ್ದರೂ ಅಲ್ಲಿಗೂ ಹೋಗು, ನೀನು ಬಂದರೆ ಅವರಿಗೆ ಆಗುವ ಸಂತೋಷ ನೋಡು. ರೋಟಾ, ಅಂದರೆ ಡ್ಯೂಟಿ ಪಟ್ಟಿ, ಹಾಕುವ ಮುಂಚೆಯೇ ಮ್ಯಾನೇಜರಿಗೆ ಭಾನುವಾರದ ವಿಷಯ ಬರಹದಲ್ಲಿ ಕೇಳು, ಸಿಕ್ಕರೆ ಸಿಕ್ಕಿತು, ಸಿಗದ ವಾರ ಶನಿವಾರ ನಮ್ಮ ಮನೆಗೆ ಬಾ. ಓಸ್ಕಿ ತಾರೀಕು ಬಂದ ಕೂಡಲೇ ತಿಳಿಸು, ಆ ದಿನ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತೇನೆ.